ಆ ಮಗುವಿನ ಯೂನಿಫಾರಂ

ಹೊಳೆನರಸೀಪುರದ ತನ್ನ ಮನೆಯ ಪಡಸಾಲೆಯಲ್ಲೇ ನಾಲ್ಕಾರು ಮಿಷನ್ ಹಾಕಿಕೊಂಡು ಸರಸ ಶಾಲೆ ಮಕ್ಕಳ ಯೂನಿಫಾರಂ ಹೊಲಿಸುತ್ತಿದ್ದಳು. ೨೦೦೩ರ ಬೇಸಿಗೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಕೇಳಿಕೊಂಡು ನಂಜುಂಡೇಶ್ ಬಂದ. ಕೊಟ್ಟ ತುಂಡನ್ನು ನೀಟಾಗಿ ಕತ್ತರಿಸಿ ತೋರಿಸಿದ. ಎಲ್ಲಿ ಕಲಿತೆ ಎಂದು ಕೇಳಿದಾಗ ಕತ್ತರಿ ಕೆಳಗಿಟ್ಟ.

“ಮೈಸೂರು ಜೈಲಲ್ಲಿ ಕಣಮ್ಮ. ಕಾಲುವೆ ನೀರಿನ ಜಗಳದಾಗೆ ನಮ್ ದೊಡ್ಡಪ್ಪನ ಮಗನಿಗೆ ಗುದ್ದಲೀಲಿ ಒಡ್ದೆ. ಸತ್ತೋದ. ಆಮ್ಯಾಕೆ ಗೊತ್ತಾಗಿ ಕಳ್ಸೋದು ಬ್ಯಾಡ, ಈಗ್ಲೇ ನಿಜ ಏಳ್ಬುಡ್ತೀನಿ.”

ಸರಸ ಠಾಣೆಯಲ್ಲಿ ವಿಚಾರಿಸಿದಳು. ಶಿಕ್ಷೆ ಮುಗಿಸಿ ಬಂದವನು, ಬೇರೆ ಯಾವ ಕೇಸೂ ಇಲ್ಲ ಎಂದರು. ಊರಿನ ಟೈಲರ್ ಅಂಗಡಿಗಳವರು, ತೆಂಗಿನಕಾಯಿ ಮಂಡಿಯವರು ಅವನನ್ನು ಆಗಲೇ ವಾಪಸು ಕಳಿಸಿದ್ದರು.

“ಅಂಥವನನ್ನ ಮನೆಯೊಳಗೆ ಕೂರಿಸ್ತೀಯಾ?” ಎಂದ ಗಂಡ ಸಂಪತ್ಕುಮಾರ.

ಸರಸಳಿಗೂ ಭಯವಿತ್ತು. ಆದರೆ ಒಂದು ಸುಳ್ಳು ಹೇಳಿದ್ದರೆ ಅವನಿಗೆ ಅವತ್ತೇ ಕೆಲಸ ಸಿಗುತ್ತಿತ್ತು ಎಂಬುದು ಅವಳ ಮನಸ್ಸನ್ನು ಬಿಡಲಿಲ್ಲ. ಕೆಲಸಕ್ಕೆ ಬಾ ಎಂದು ಅವನಿಗೆ ಹೇಳಿಕಳಿಸಿದಳು.

ಶಾಲೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ, ಕೈಯಲ್ಲಿ ಚೀಲ ಹಿಡಿದ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತಳು.

“ನಾನು ಬೆಳ್ಳಮ್ಮ. ಇವ್ನು ಒಡ್ದು ಸಾಯ್ಸಿದ್ನಲ್ಲ, ಅವನ ತಾಯಿ.”

ಮಿಷನ್‌ಗಳು ಒಂದೊಂದಾಗಿ ನಿಂತವು. ಬಟ್ಟೆ ಕತ್ತರಿಸುವ ಮೇಜಿನ ಬಳಿಯಿದ್ದ ನಂಜುಂಡೇಶ್ ಹಿಂದೆ ಸರಿದು ಗೋಡೆಗೆ ಆತುಕೊಂಡ. “ದೊಡ್ಡವ್ವ...” ಎಂದ.

“ಇವನನ್ನ ಕೆಲಸದಿಂದ ಬಿಡಿಸಬೇಕಾ ಅಮ್ಮಾ?” ಸರಸ ಮೆಲ್ಲಗೆ ಕೇಳಿದಳು.

“ಬಿಡ್ಸುದ್ರೆ ನನ್ ಮಗ ಎದ್ ಬತ್ತಾನಾ? ಅವ್ನೂ ಉಣ್ಬೇಕಲ್ಲ, ಇರ್ಲಿ.” ಬೆಳ್ಳಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನ್ ಮೊಮ್ಮಗಳು ವರ್ಷಾ ಓಗೋ ಇಸ್ಕೂಲಿಗೂ ನೀವೇ ಒಲ್ಸೋದಂತೆ. ಅಪ್ಪುನ್ನ ಒಡ್ದ ಕೈ ಆ ಮಗೀನ ಮೈಮ್ಯಾಲಿನ ಬಟ್ಟೆ ಮುಟ್ಟೋದು ಬ್ಯಾಡ. ಅಷ್ಟು ಕೇಳಕ್ ಬಂದೆ.”

ಸರಸ ತಲೆಯಾಡಿಸಿದಳು. ನಂಜುಂಡೇಶ್ ಎದ್ದು ಹಿತ್ತಲಿಗೆ ಹೋದ. ಸರಸ ಯಾರೂ ಬಿಚ್ಚದ ಹೊಸ ಬಟ್ಟೆಯ ಥಾನು ತೆಗೆದು, ಬೆಳ್ಳಮ್ಮ ಅಳತೆಗೆಂದು ತಂದಿದ್ದ ಹಳೆಯ ಯೂನಿಫಾರಂ ಪಕ್ಕದಲ್ಲಿಟ್ಟುಕೊಂಡು, ತಾನೇ ಬಟ್ಟೆ ಕತ್ತರಿಸಿದಳು. ಒಂದು ಕಡೆ ಸೊಟ್ಟಗಾಯಿತು. ಬೆಳ್ಳಮ್ಮ ಹೊರಡುವಾಗ ಹಿತ್ತಲ ಬಾಗಿಲ ಕಡೆ ಒಂದು ಗಳಿಗೆ ನೋಡಿದಳು, ಕರೆಯಲಿಲ್ಲ.

ನಂಜುಂಡೇಶ್ ಅಲ್ಲೇ ಕೆಲಸದಲ್ಲಿ ಉಳಿದ. ಕ್ರಮೇಣ ಪಕ್ಕದ ಮಿಷನ್ನಿನ ಹೆಂಗಸರು ಅವನೊಂದಿಗೆ ಮಾತಾಡತೊಡಗಿದರು. ಸಂಪತ್ಕುಮಾರನೂ ಸುಮ್ಮನಾದ. ವರ್ಷಾ ಹೈಸ್ಕೂಲು ಮುಗಿಸುವ ತನಕ ಅವಳ ಯೂನಿಫಾರಮ್ಮನ್ನು ಸರಸ ಪ್ರತಿವರ್ಷ ತಾನೇ ಕತ್ತರಿಸಿ ಹೊಲಿದಳು. ಅದನ್ನು ಹೊಲಿಯುವ ದಿನ, ಯಾರೂ ಹೇಳದಿದ್ದರೂ, ನಂಜುಂಡೇಶ್ ಕೆಲಸಕ್ಕೆ ಬರುತ್ತಿರಲಿಲ್ಲ.