ಲೈಸೆನ್ಸ್ ಬೇಡದ ಗಾಡಿ

"ದಾರಿ ಮಧ್ಯೆ ಬ್ಯಾಟರಿ ಮುಗಿದುಹೋದ್ರೆ?" ಆರ್ವಿಡ್ ಕೇಳಿದ.

"ಮುಗಿದ್ರೆ ಮಾಮೂಲಿ ಸೈಕಲ್ ಅಷ್ಟೇ, ಯಜಮಾನ್ರೇ. ತುಳ್ಕೊಂಡು ಹೋಗೋದು. ಆದ್ರೆ ಭಾರ ಜಾಸ್ತಿ, ಈಗ್ಲೇ ಹೇಳಿಬಿಡ್ತೀನಿ. ಏರಲ್ಲಿ ಮುಗೀತು ಅನ್ನಿ, ನನ್ನ ವಂಶಾನೆಲ್ಲಾ ಬೈಕೋತಾ ತಳ್ಳಬೇಕಾಗುತ್ತೆ."

ಅಂಗಡಿಯ ಬ್ರಿಟಾ ತನ್ನ ಮಾತಿಗೆ ತಾನೇ ನಕ್ಕಳು. ಆರ್ವಿಡ್‌ ಕೂಡ ನಕ್ಕ. ಬಾಗಿಲ ಪಕ್ಕ, ಹೆಲ್ಮೆಟ್ಟುಗಳ ಸಾಲಿನ ಹತ್ತಿರ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದ ಲೊರೇನ್ ಗಂಡನ ನಗುವನ್ನು ಕಿವಿಯಿಟ್ಟು ಕೇಳಿದಳು. ಚಳಿಗಾಲ ಪೂರ್ತಿ ಅವರ ಮನೆಯಲ್ಲಿ ಕೇಳಿಸದ ನಗು ಅದು.

ಮಾತಾಡುವಾಗ ಆರ್ವಿಡ್ ಬ್ರಿಟಾಳ ಕಿವಿಯ ಕಡೆ ನೋಡುತ್ತಿದ್ದ. ಮುದುಕನಿಗೆ ನಾಚಿಕೆ ಎಂದು ಅವಳು ಅಂದುಕೊಂಡಿರಬೇಕು. ಕಿವಿಯ ಕಡೆ ನೋಡಿದರೆ ಮಾತ್ರ ಅವನಿಗೆ ಮುಖ ಒಂದಿಷ್ಟು ಕಾಣುತ್ತಿತ್ತು. ನೆಟ್ಟಗೆ ನೋಡಿದರೆ ಅಲ್ಲೊಂದು ಬೂದು ಮಚ್ಚೆ. ಗಾಜಿನ ಮೇಲೆ ಯಾರೋ ಒದ್ದೆ ಹೆಬ್ಬೆರಳು ಉಜ್ಜಿದ ಹಾಗೆ ಎಂದು ಅವನೇ ಒಮ್ಮೆ ಹೇಳಿದ್ದ. ಅಂಚಿನಲ್ಲಿರುವುದೆಲ್ಲ ಕಾಣುತ್ತಿತ್ತು, ಎದುರಿಗೆ ಬಂದದ್ದು ಕಾಣೆಯಾಗುತ್ತಿತ್ತು. ಸರೋವರದ ದಂಡೆಯ ಡುಲುತ್ ಊರಿನ ಸಿಟಿ ಬಸ್ಸನ್ನು ಮೂವತ್ತು ವರ್ಷ ಓಡಿಸಿದವನು. ಹಿಮ ಬಿದ್ದ ಇಳಿಜಾರುಗಳಲ್ಲಿ ಬಸ್ಸನ್ನು ಮಗುವಿನ ತೊಟ್ಟಿಲಿನಂತೆ ಇಳಿಸುತ್ತಾನೆ ಎಂದು ಡಿಪೋದಲ್ಲಿ ಅವನಿಗೆ ಹೆಸರಿತ್ತು. ಹೋದ ಶರತ್ಕಾಲದಲ್ಲಿ ಕಣ್ಣಿನ ಡಾಕ್ಟರು ಬರೆದ ಎರಡು ಸಾಲಿಗೆ ಲೈಸೆನ್ಸು ಹೋಯಿತು.

ಆಮೇಲೆ ಅವನು ಕಿಟಕಿಯ ಪಕ್ಕ ಕೂತ. ಲೊರೇನ್ ಬೆಳಿಗ್ಗೆ ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೊರಡುವಾಗ ಅಲ್ಲೇ ಕೂತಿರುತ್ತಿದ್ದ, ಬಂದಾಗಲೂ ಅಲ್ಲೇ. ಹಳೆಯ ಡ್ರೈವರುಗಳು ಸೇರುವ ಕಾಫಿ ಅಂಗಡಿಗೆ ಬಿಟ್ಟುಬರುತ್ತೇನೆಂದರೆ, "ಸ್ಕೂಲಿಗೆ ಬಿಟ್ಟು ಬರ್ತಾರಲ್ಲ, ಹಂಗಾ? ಮೂಗು ಒರೆಸೋಕೆ ಒಂದು ಕರ್ಚೀಫೂ ಪಿನ್ ಮಾಡಿ ಕಳಿಸು" ಎನ್ನುತ್ತಿದ್ದ. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅವಳು ಬೇಗ ಬಂದಳು. ಕಿಟಕಿಯ ಪಕ್ಕ ಅವನಿರಲಿಲ್ಲ. ಗ್ಯಾರೇಜಿನ ಹೊರಬಾಗಿಲು ಒಳಗಿನಿಂದ ಹಾಕಿತ್ತು. ಮನೆಯೊಳಗಿನ ಬಾಗಿಲಿನಿಂದ ಹೋಗಿ ನೋಡಿದರೆ ಅವನು ಕಾರಿನೊಳಗೆ, ಸ್ಟಿಯರಿಂಗಿನ ಮುಂದೆ ಕೂತಿದ್ದ. ಎಂಜಿನ್ ಇನ್ನೂ ಸುಮ್ಮನಿತ್ತು, ಹೊಗೆ ತುಂಬಿರಲಿಲ್ಲ. ಕೀ ಅವನ ಅಂಗೈಯಲ್ಲಿತ್ತು. "ಸೀಟಿನ ಅಭ್ಯಾಸ ಬಿಟ್ಟುಹೋಗುತ್ತೇನೋ ಅಂತ" ಎಂದ. ಅವಳು ಅಂಗೈಯಿಂದ ಕೀ ತೆಗೆದುಕೊಂಡಳು, ಅವನು ಕೊಟ್ಟ. ಅವತ್ತಿನಿಂದ ಕಾರಿನ ಎರಡು ಕೀಗಳೂ ಅವಳ ಕೋಟಿನ ಜೇಬಿನಲ್ಲೇ ಇರುತ್ತವೆ. ಆ ಬಗ್ಗೆ ಇಬ್ಬರೂ ಮತ್ತೆ ಮಾತಾಡಲಿಲ್ಲ.

ಎಲೆಕ್ಟ್ರಿಕ್ ಸೈಕಲ್ಲಿನ ಸುದ್ದಿ ಅವನೇ ರೇಡಿಯೋದಲ್ಲಿ ಕೇಳಿ ತೆಗೆದದ್ದು. "ಅದೇನು ಅಂತ ಸ್ವಲ್ಪ ಓದಿ ಹೇಳೇ" ಎಂದ. ತಿಂಗಳುಗಳ ಮೇಲೆ ಅವನು ಏನನ್ನಾದರೂ ಬೇಕು ಎಂದು ಕೇಳಿದ್ದು. ಅವಳು ದಿನಾ ಬೆಳಿಗ್ಗೆ ಓಟ್ಸ್ ಗಂಜಿ ಕುದಿಯುತ್ತಿರುವಾಗ ಫೋನು ಹಿಡಿದು ಓದಿದಳು. ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಅಂತ ಒಂದು ಪುಟವಿತ್ತು. ಮಳೆಯಲ್ಲಿ ಓಡಿಸಬಹುದೇ, ತುಳಿಯಲೇಬೇಕೇ, ಒಂದು ಸಲ ಚಾರ್ಜು ಮಾಡಿದರೆ ಎಷ್ಟು ದೂರ. ಅವನು ಶಾಲೆಯ ಹುಡುಗನ ಹಾಗೆ ಬಾಯಿಪಾಠ ಮಾಡಿದ. ಅವರಿಬ್ಬರೂ ಕೇಳಬೇಕಾಗಿದ್ದ ಪ್ರಶ್ನೆಯೊಂದು ಮಾತ್ರ ಆ ಪುಟದಲ್ಲಿರಲಿಲ್ಲ. ಅವಳೂ ಅದನ್ನು ಕೇಳಲಿಲ್ಲ.

"ಇಳಿಜಾರಲ್ಲಿ ಬರುವಾಗ ತಾನಾಗೇ ಚಾರ್ಜ್ ಆಗುತ್ತಾ?" ಎಂದು ಆರ್ವಿಡ್ ಈಗ ಕೇಳುತ್ತಿದ್ದ.

"ಎಲ್ಲರೂ ಇದನ್ನೇ ಕೇಳ್ತಾರೆ! ಆಗಲ್ಲ. ಈ ಮಾಡೆಲ್‌ನಲ್ಲಿ ಅಂತೂ ಇಲ್ಲ. ರಾತ್ರಿ ಗೋಡೆಗೆ ಸಿಕ್ಕಿಸಿಟ್ರೆ ಬೆಳಿಗ್ಗೆಗೆ ತುಂಬಿರುತ್ತೆ. ನಮ್ಮೂರ ಚಳೀಲಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಕೊಳ್ಳಿ, ಬೆಕ್ಕಿನ ಹಾಗೆ. ಇಲ್ದಿದ್ರೆ ಸೊರಗುತ್ತೆ."

"ತುಳಿದಷ್ಟೇ ಓಡೋದಾ?"

"ನೀವು ತುಳಿದ್ರೆ ಮೋಟಾರು ಹಿಂದಿನಿಂದ ತಳ್ಳಿಕೊಡುತ್ತೆ. ಕಾಲು ಸೋತ್ರೆ ಈ ಗುಂಡಿ ಒತ್ತಿ, ಸುಮ್ನೆ ಕೂತ್ಕೊಳ್ಳಿ."

ಆರ್ವಿಡ್ ಹ್ಯಾಂಡಲನ್ನು ಬೆರಳುಗಳಿಂದ ತಡವಿ ಗುಂಡಿಯನ್ನು ಹುಡುಕಿಕೊಂಡ. ಬೇರೇನೋ ಯೋಚಿಸುತ್ತಿರುವವನ ಹಾಗೆ ದನಿ ಇಳಿಸಿ ಕೇಳಿದ: "ಇದಕ್ಕೆ ಲೈಸೆನ್ಸು ಗೀಸೆನ್ಸು ಬೇಕೇನಮ್ಮ?"

"ಏನೂ ಬೇಡ. ಹತ್ತಿ, ಹೊರಡಿ."

ಅವನು ತಲೆಯಾಡಿಸಿದ.

"ಒಂದು ಸುತ್ತು ಹೋಗ್ಬನ್ನಿ" ಎಂದಳು ಬ್ರಿಟಾ. "ಸರೋವರದ ದಂಡೆಯ ದಾರಿ ಇದೆಯಲ್ಲ, ದೀಪದ ಕಂಬದವರೆಗೆ ಹೋಗಿ ತಿರುಗಿಸ್ಕೊಂಡು ಬನ್ನಿ. ಆರೋಗ್ಯದ್ದೇನೂ ತೊಂದ್ರೆ ಇಲ್ಲ ತಾನೇ? ಕೇಳ್ಬೇಕು, ಅದಕ್ಕೆ ಕೇಳ್ದೆ."

"ಮಂಡಿ ಸ್ವಲ್ಪ ಮಾತಾಡುತ್ತೆ."

"ಮಂಡಿಗೇ ಇದು ಮಾಡಿಸಿರೋದು ಬಿಡಿ."

ಆರ್ವಿಡ್ ತಲೆಯನ್ನು ಲೊರೇನ್ ಕಡೆ ತಿರುಗಿಸಿದ, ಅವಳ ಭುಜದಾಚೆ ನೋಡಿದ. ಎಂದರೆ ಅವಳನ್ನೇ ನೋಡಿದ. ಅವಳು ಹೇಳಬೇಕಾಗಿದ್ದದ್ದು ಆಗ. ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸುವ ನೆಪದಲ್ಲಿ ಹತ್ತಿರ ಹೋದಳು. ಅವನ ಗಲ್ಲ ಬೆಚ್ಚಗಿತ್ತು, ನುಣ್ಣಗೆ ಕ್ಷೌರವಾಗಿತ್ತು. ಇವತ್ತಿಗಾಗಿ ಅವನು ಕನ್ನಡಿಯ ಸಹಾಯವಿಲ್ಲದೆ, ಬೆರಳಿನಿಂದ ತಡವಿ ತಡವಿ ಗಡ್ಡ ಹೆರೆದುಕೊಂಡಿದ್ದ. "ನಿಧಾನ ಕಣೋ" ಎಂದಳು. ಅಷ್ಟೇ ಅಂದಳು.

ಅವನು ಹೊರಟ. ಮೊದಲು ಸ್ವಲ್ಪ ಓಲಾಡಿದ, ಆಮೇಲೆ ಬೆನ್ನು ನೆಟ್ಟಗಾಯಿತು. ಸೈಕಲ್ಲು ಸದ್ದಿಲ್ಲದೆ ಜಾರಿಕೊಂಡು ಹೋಯಿತು.

"ಚೆನ್ನಾಗಿ ಓಡಿಸ್ತಾರೆ" ಎಂದಳು ಬ್ರಿಟಾ. "ನೀವೂ ಒಂದು ತಗೊಂಡುಬಿಡಿ, ಜೋಡಿಯಾಗಿ ಸುತ್ತಬಹುದು."

"ನಂಗೆ ಸೈಕಲ್ಲೇ ಬರಲ್ಲ."

ಗಾಳಿ ನೀರಿನ ಕಡೆಯಿಂದ ಬೀಸುತ್ತಿತ್ತು. ಲೊರೇನ್ ಕಣ್ಣು ಕಿರಿದು ಮಾಡಿ ಅವನ ಕೆಂಪು ಜಾಕೀಟನ್ನೇ ಹಿಂಬಾಲಿಸಿದಳು. ದೀಪದ ಕಂಬ ತಲುಪಿದ, ಅಗಲವಾಗಿ ತಿರುಗಿದ, ವಾಪಸು ಹೊರಟ. ಈಗ ವೇಗ ಹೆಚ್ಚಿತ್ತು. ಎದುರಿನಿಂದ ಒಬ್ಬ ಹೆಂಗಸು ಮಗುವಿನ ತಳ್ಳುಗಾಡಿ ತಳ್ಳುತ್ತ ಬರುತ್ತಿದ್ದಳು. ದಾರಿ ಅಲ್ಲಿ ನೆಟ್ಟಗಿತ್ತು. ಹೆಂಗಸು ದಾರಿಯ ನಡುವೆಯೇ ಇದ್ದಳು, ಅವನೂ ನಡುವೆಯೇ ಬಂದ. ಅವಳು ಕೈ ಎತ್ತಿದಳು. ಅವನು ಪಕ್ಕಕ್ಕೆ ಸರಿಯಲಿಲ್ಲ, ಬ್ರೇಕು ಹಿಡಿಯಲಿಲ್ಲ. ಕೊನೇ ಗಳಿಗೆಯಲ್ಲಿ ಅವಳು ಗಾಡಿಯನ್ನು ಹುಲ್ಲಿನ ಕಡೆಗೆ ಎಳೆದಳು. ಗಾಡಿ ಒಂದು ಚಕ್ರದ ಮೇಲೆ ವಾಲಿತು, ಅವಳು ಅದರ ಮೇಲೆ ಅಡ್ಡ ಬಿದ್ದು ತಡೆದಳು. ಕೆಂಪು ಜಾಕೀಟು ಅವರ ಪಕ್ಕದಲ್ಲೇ ಹಾದುಹೋಯಿತು. ಹೆಂಗಸು ಎದ್ದು ಮಗುವನ್ನು ಎತ್ತಿ ಎದೆಗೊತ್ತಿಕೊಂಡು ಏನೋ ಕೂಗಿದಳು. ಗಾಳಿ ಅದನ್ನು ಬೇರೆ ಕಡೆ ಒಯ್ದಿತು.

ಬ್ರಿಟಾ ಆ ಹೊತ್ತಿಗೆ ಇನ್ನೊಬ್ಬ ಗಿರಾಕಿಯ ಚಕ್ರಕ್ಕೆ ಗಾಳಿ ತುಂಬುತ್ತ ಬಗ್ಗಿದ್ದಳು.

ಆರ್ವಿಡ್ ಬಂದು ನಿಂತ. ಅವನ ಕಣ್ಣಿನಿಂದ ಗಾಳಿಗೆ ನೀರು ಸುರಿಯುತ್ತಿತ್ತು, ಮುಖವೆಲ್ಲ ಕೆಂಪೇರಿತ್ತು. "ಲೊರೇನ್" ಎಂದ, ಉಸಿರು ಸಿಕ್ಕಿ ಸಿಕ್ಕದೆ. "ದಾರೀಲಿ ಒಂದು ನರಪಿಳ್ಳೆ ಇಲ್ಲ ಕಣೇ! ನಂಗೇ ಅಂತ ಖಾಲಿ ಮಾಡಿ ಇಟ್ಟ ಹಾಗಿತ್ತು. ಇದನ್ನೇ ತಗೊಳ್ಳೋಣ. ಇವತ್ತೇ."

ಲೊರೇನ್ ಅವನ ಕೈಯ ಮೇಲೆ ಕೈಯಿಟ್ಟಳು. ಮೋಟಾರು ಇನ್ನೂ ಆರಿರಲಿಲ್ಲ, ಹ್ಯಾಂಡಲ್ಲಿನ ಪುಟ್ಟ ಪರದೆ ಬೆಳಗುತ್ತಿತ್ತು. ಹೇಳದೆ ಇರಬಹುದು ಎಂದು ಅವಳಿಗೆ ಅನ್ನಿಸಿತು. ಮನೆಗೆ ಒಯ್ಯಬಹುದು, ಏನಾದರೂ ನೆಪ ಹೇಳಿ ಬ್ಯಾಟರಿ ಮುಚ್ಚಿಡಬಹುದು, ಎರಡು ದಿನವಾದರೂ ಈ ಮುಖ ಹೀಗೇ ಇರಬಹುದು. ದಂಡೆಯಲ್ಲಿ ಆ ಹೆಂಗಸು ಮಗುವನ್ನು ಮತ್ತೆ ಗಾಡಿಯಲ್ಲಿ ಕೂರಿಸುತ್ತಿದ್ದಳು. ಪಟ್ಟಿ ಬಿಗಿಯುವ ಅವಳ ಕೈಗಳಿಗೆ ಪಟ್ಟಿ ಸಿಗುತ್ತಿರಲಿಲ್ಲ.

"ಒಬ್ಬಳಿದ್ದಳು, ಆರ್ವಿಡ್."

"ಎಲ್ಲಿ?"

"ದಾರೀಲಿ. ನಿನ್ನ ಎದುರಿಗೇ. ಹುಲ್ಲಿಗೆ ಹಾರಿ ತಪ್ಪಿಸ್ಕೊಂಡಳು."

ಅವನು ನಗಲು ನೋಡಿದ. "ಹೋಗೇ. ಇದ್ದಿದ್ರೆ ಗೊತ್ತಾಗ್ತಿರ್ಲಿಲ್ವಾ?" ಅವಳು ದಂಡೆಯ ಕಡೆಗೇ ನೋಡುತ್ತಿದ್ದಳು. ತೀರಾ ಸಣ್ಣ ದನಿಯಲ್ಲಿ ಅವನು ಕೇಳಿದ: "ಒಬ್ಬಳೇ ಇದ್ಲಾ?"

"ಮಗು ಇತ್ತು. ತಳ್ಳುಗಾಡೀಲಿ."

ಅವನು ಸೈಕಲ್ಲಿನಿಂದ ಇಳಿದ. ಇಳಿಯುವಾಗ ಕಾಲು ಚೌಕಟ್ಟಿಗೆ ಸಿಕ್ಕಿ ಮುಗ್ಗರಿಸಿದ. ಹೆಲ್ಮೆಟ್ಟಿನ ಗುಂಡಿ ಸಿಗದೆ ಗಲ್ಲದ ಕೆಳಗೆ ಕೆರೆದಾಡಿದ. ಅವಳು ಬಿಚ್ಚಲು ಹೋದರೆ ಅವಳ ಕೈಯನ್ನು ತಳ್ಳಿದ. "ಹತ್ತೋಕೆ ಮುಂಚೆ ಹೇಳಬಾರದಿತ್ತಾ?" ಎಂದ. "ಒಂದೋ ಮುಂಚೆ ಹೇಳ್ಬೇಕಿತ್ತು. ಇಲ್ಲ, ಹೇಳಲೇಬಾರದಿತ್ತು."

ಬ್ರಿಟಾ ಎದ್ದು ಬಂದಳು. ಲೊರೇನ್ ನೆಲ ನೋಡುತ್ತ ಹೇಳಿದಳು: "ಅವರಿಗೆ ಕಣ್ಣು ಕಾಣಲ್ಲ ಕಣಮ್ಮ. ಎದುರಿಗಿರೋದು ಕಾಣಲ್ಲ. ತಪ್ಪು ನಂದು." ಬ್ರಿಟಾ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಇಬ್ಬರು ಕೂರುವ ಗಾಡಿಯೂ ಇದೆ, ಅಮ್ಮಾವ್ರು ಮುಂದೆ ಕೂತು ಓಡಿಸಿದರೆ ಯಜಮಾನರು ಹಿಂದೆ ಕೂತು ತುಳಿಯಬಹುದು ಎಂದು ಮೆಲ್ಲಗೆ ಹೇಳಲು ಹೊರಟಳು. ಲೊರೇನ್‌ಗೆ ಸೈಕಲ್ಲು ಬರುವುದಿಲ್ಲವೆಂಬುದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದಳು.

"ಥ್ಯಾಂಕ್ಸ್ ಅಮ್ಮ" ಎಂದ ಆರ್ವಿಡ್, ಅವಳ ಕಿವಿಯ ಕಡೆ ನೋಡದೆ. "ಚೆನ್ನಾಗಿ ವಿವರಿಸಿದಿರಿ."

ಅವರ ಮನೆ ಹಡಗು ಬಂದಾಗ ಮೇಲಕ್ಕೆತ್ತುವ ಸೇತುವೆಯಾಚೆ, ಸರೋವರದೊಳಕ್ಕೆ ನಾಲಗೆಯಂತೆ ಚಾಚಿದ ಮರಳುದಿಬ್ಬದ ಮೇಲೆ. ಕಾರು ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿ, ಅಡ್ಡಗಂಬ ಇಳಿಸಿ ಸೇತುವೆಯನ್ನು ಮೇಲೆತ್ತಿದ್ದರು. ಲೊರೇನ್ ಸಾಲಿನ ಮುಂದೆಯೇ ಕಾರು ನಿಲ್ಲಿಸಿದಳು. ಕಾಲುವೆಯಲ್ಲಿ ಅದಿರು ಹೊತ್ತ ಹಡಗೊಂದು ಸರೋವರದ ಕಡೆಗೆ ಬರುತ್ತಿತ್ತು, ಎಷ್ಟು ಹತ್ತಿರವೆಂದರೆ ಊರಿನ ಗೋಡೆಯೊಂದು ಕಿತ್ತುಕೊಂಡು ಹೊರಟ ಹಾಗೆ. ಕಾರಿನೊಳಗೆ ಕತ್ತಲಾಯಿತು.

"ಲೋಡಾ, ಖಾಲಿನಾ?" ಆರ್ವಿಡ್ ಕೇಳಿದ.

"ಲೋಡು. ತುಂಬಾ ಕೆಳಗೆ ಕೂತಿದೆ."

ಹಡಗು ಕೂಗಿತು, ಸೇತುವೆಯ ಹಾರ್ನು ಮಾರುತ್ತರ ಕೊಟ್ಟಿತು. ಅವನು ಕೈಗಳನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದ. ಕೋಪವೆಲ್ಲ ಇಳಿದುಹೋಗಿತ್ತು, ಮುಖದಲ್ಲಿ ಏನೂ ಉಳಿದಿರಲಿಲ್ಲ.

"ನಾಳೆ ಎಷ್ಟೊತ್ತಿಗೆ ಹೋಗ್ತೀಯ ಕೆಲಸಕ್ಕೆ?" ಎಂದ.

ಲೊರೇನ್ ಕೋಟಿನ ಜೇಬಿನಲ್ಲಿದ್ದ ಇನ್ನೊಂದು ಕೀಯನ್ನು ಮುಟ್ಟಿ ನೋಡಿಕೊಂಡಳು, ಅವನತ್ತ ತಿರುಗಿದಳು. "ಯಾಕೆ?"

"ಸುಮ್ನೆ ಕೇಳ್ದೆ."

ಹಡಗಿನ ಹಿಂಭಾಗ ದಾಟಿತು. ಬೆಳಕು ಒಮ್ಮೆಲೇ ಒಳಗೆ ಬಂದು ಅವನ ತೆರೆದ ಕಣ್ಣುಗಳ ಮೇಲೆ ಬಿತ್ತು, ಅವನು ರೆಪ್ಪೆ ಬಡಿಯಲಿಲ್ಲ. ಸೇತುವೆ ಕೆಳಗಿಳಿದು ಕೂತಿತು, ಅಡ್ಡಗಂಬ ಮೇಲೆದ್ದಿತು. ಹಿಂದಿನ ಕಾರಿನವನು ಒಮ್ಮೆ ಹಾರ್ನು ಮಾಡಿದ, ತಾಳ್ಮೆಯಿಂದ. ಆಮೇಲೆ ಎರಡು ಸಲ.

"ದಾರಿ ಬಿಟ್ರು, ಲೊರೇನ್" ಎಂದ ಆರ್ವಿಡ್, ಹೊಸ ಡ್ರೈವರಿಗೆ ಹೇಳಿಕೊಡುವವನ ಹಾಗೆ, ಮೆತ್ತಗೆ. "ಬ್ರೇಕಿಂದ ಕಾಲು ತೆಗಿ. ಹೋಗು."

ಅವಳ ಕಾಲು ಬ್ರೇಕಿನ ಮೇಲೇ ಇತ್ತು. ಎದುರಿಗೆ ಸೇತುವೆ ಈ ತುದಿಯಿಂದ ಆ ತುದಿಯವರೆಗೆ ಖಾಲಿಯಾಗಿ ಬಿದ್ದಿತ್ತು. ಹಿಂದಿನ ಕಾರುಗಳು ಒಂದೊಂದಾಗಿ ಹಾರ್ನು ಮಾಡತೊಡಗಿದವು.