ರಸ್ತೆ ದಾಟುತ್ತಿದ್ದ ನೋರೀನ್

ಕಾರ್ವರ್ಸ್ ಫೋರ್ಡ್ ಊರಿನ ನಗರಸಭೆ ರಂಗಮಂದಿರದಲ್ಲಿ ದೀಪಗಳ ಉಸ್ತುವಾರಿ ನೋರೀನ್ ಪ್ರುಯಿಟ್‌ಳದು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಮೊದಲ ಹನ್ನೊಂದು ವರ್ಷ ಗಂಡಸಿನ ಹೆಸರಲ್ಲಿ ಮಾಡಿದ್ದಳು, ಆಮೇಲಿನ ಎಂಟು ವರ್ಷ ಹೆಣ್ಣಾಗಿ. ಅವಳು ಬದಲಾದಾಗ ಊರು ಒಂದಷ್ಟು ತಿಂಗಳು ಆಡಿಕೊಂಡಿತು, ಆಮೇಲೆ ಬಾಯಿ ಸೋತು ಸುಮ್ಮನಾಯಿತು. ಮೂವತ್ತಡಿ ಎತ್ತರದ ಕಬ್ಬಿಣದ ಅಟ್ಟಣೆಯ ಮೇಲೆ ನಡೆದಾಡುತ್ತ, ಒಂದೊಂದೇ ದೀಪದ ಕತ್ತು ತಿರುಗಿಸಿ, ಹಾಡುವವರ ಮುಖಕ್ಕೆ ಸರಿಯಾಗಿ ಬೆಳಕು ಬೀಳಿಸಬಲ್ಲವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ.

2016ರ ಮಾರ್ಚ್ ತಿಂಗಳು. ರಾಜ್ಯದ ರಾಜಧಾನಿ ರಾಲೀಯಲ್ಲಿ ಶಾಸಕರು ಬೆಳಗ್ಗೆ ಕೈಗೆತ್ತಿಕೊಂಡ ಮಸೂದೆ ಅದೇ ದಿನ ಕಾನೂನಾಗಿಬಿಟ್ಟಿತು. ಸರ್ಕಾರಿ ಕಟ್ಟಡಗಳಲ್ಲಿ ಯಾರು ಯಾವ ಟಾಯ್ಲೆಟ್ಟಿಗೆ ಹೋಗಬೇಕು ಅನ್ನುವುದನ್ನು ಇನ್ನು ಮುಂದೆ ಅವರವರ ಜನನ ಪತ್ರ ಹೇಳುತ್ತದಂತೆ. ನೋರೀನ್‌ಳ ಜನನ ಪತ್ರದಲ್ಲಿ ಇನ್ನೂ ‘ಗಂಡು’ ಎಂದೇ ಇತ್ತು.

ಸೋಮವಾರ ಮ್ಯಾನೇಜರ್ ಡ್ವೈಟ್ ಕಾಗಿನ್ಸ್ ಅವಳನ್ನು ಕೋಣೆಗೆ ಕರೆದ. ಮಾತು ಶುರುಮಾಡಲಾಗದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

“ನಂಗೆ ಇದು ಇಷ್ಟ ಇಲ್ಲ ನೋರೀನ್. ಆದ್ರೆ ಇದು ನಗರಸಭೆ ಕಟ್ಟಡ. ಇನ್ಮೇಲೆ ನೀನು ಗಂಡಸರ ಕಡೆ ಹೋಗ್ಬೇಕಾಗತ್ತೆ.”

“ಎಂಟು ವರ್ಷದಿಂದ ಹೆಂಗಸರ ಕಡೆ ಹೋಗ್ತಿದೀನಿ. ಯಾರಾದ್ರೂ ದೂರು ಕೊಟ್ಟಿದಾರಾ?”

“ಒಬ್ರೂ ಇಲ್ಲ.”

“ಮತ್ತೆ?”

“ಮತ್ತೇನು, ಕಾನೂನು.”

“ಈ ಮುಖ, ಈ ಮೈ ಹೊತ್ಕೊಂಡು ನಾನು ಗಂಡಸರ ಮಧ್ಯೆ ಹೋದ್ರೆ ಏನಾಗತ್ತೆ ಅಂತ ನಿಂಗೂ ಗೊತ್ತು ಡ್ವೈಟ್. ನಾನು ಹೋಗಲ್ಲ.”

ಹಾಗಂತ ಕೆಲಸವನ್ನೂ ಬಿಡಲಿಲ್ಲ. ನೀರು ಕುಡಿಯುವುದನ್ನು ಬಿಟ್ಟಳು. ಬೆಳಗ್ಗೆ ಮನೆಯಲ್ಲಿ ಅರ್ಧ ಲೋಟ ಕಾಫಿ, ಅಷ್ಟೇ. ಸಂಜೆ ಮನೆ ಸೇರುವವರೆಗೆ ಗಂಟಲಿಗೆ ಹನಿ ಇಲ್ಲ. ಅಟ್ಟಣೆಯ ಮೇಲೋ, ದೀಪಗಳ ಕಾವಿಗೆ ಮೈಯೆಲ್ಲ ಬೆವರಿ ಒಣಗುತ್ತಿತ್ತು. ಮೂರನೇ ವಾರ ಅಲ್ಲೇ ಕಣ್ಣು ಕತ್ತಲೆ ಬಂದು ಕಂಬಿ ಹಿಡಿದು ಕುಸಿದು ಕೂತಳು. ಆಸ್ಪತ್ರೆಗೆ ಸೇರಿಸಿದರು. ಸೋಂಕು ಮೂತ್ರಪಿಂಡದವರೆಗೂ ಏರಿದೆ ಎಂದರು ಡಾಕ್ಟರು. ನೀರು ಕುಡಿಯಬೇಕು, ಬಂದಾಗ ಹೋಗಬೇಕು, ಇದಕ್ಕೆ ಬೇರೆ ಔಷಧಿ ಇಲ್ಲ ಎಂದು ಗದರಿದರು.

ವಾರ ಬಿಟ್ಟು ಕೆಲಸಕ್ಕೆ ಬಂದವಳು ಹತ್ತು ಗಂಟೆಯ ವಿರಾಮಕ್ಕೆ ರಸ್ತೆ ದಾಟಿ ಎದುರಿನ ಹ್ಯಾಟಿ ಲೆಡ್‌ಬೆಟರ್ ಅವರ ಹೋಟೆಲಿಗೆ ನಡೆದಳು. ಅದು ಖಾಸಗಿ ಜಾಗ, ಅಲ್ಲಿ ಯಜಮಾನರ ಮಾತೇ ಕಾನೂನು. ಹ್ಯಾಟಿಗೆ ಎಪ್ಪತ್ತೊಂದು ವರ್ಷ. ಬ್ಯಾಪ್ಟಿಸ್ಟ್ ಚರ್ಚಿನ ಮೊದಲ ಸಾಲಿನ ಭಕ್ತೆ. ಹುರಿದ ಕೋಳಿ, ಕಾರ್ನ್‌ಬ್ರೆಡ್ಡಿಗೆ ಹೆಸರಾದ ಕೈ, ಅಷ್ಟೇ ಹೆಸರಾದ ನಾಲಿಗೆ.

“ಮಿಸ್ ಹ್ಯಾಟಿ, ನೇರ ಕೇಳ್ತೀನಿ,” ಎಂದಳು ನೋರೀನ್. “ದಿನಾ ಮೂರ್ನಾಲ್ಕು ಸಲ ನಿಮ್ಮ ಟಾಯ್ಲೆಟ್ಟಿಗೆ ಬರ್ತೀನಿ. ಏನೂ ತಿನ್ನದೇ ಇರೋ ದಿನಾನೂ ಬರ್ತೀನಿ. ಆಗತ್ತಾ, ಆಗಲ್ವಾ?”

ಹ್ಯಾಟಿ ಕೈಯ ಹಿಟ್ಟು ಒರೆಸಿಕೊಂಡರು. “ಗಂಡಸರದ್ದಕ್ಕೋ, ಹೆಂಗಸರದ್ದಕ್ಕೋ?”

ಕೂತಿದ್ದವರ ಚಮಚಗಳೆಲ್ಲ ನಿಂತವು.

“ಹೆಂಗಸರದ್ದಕ್ಕೆ.”

“ನಮ್ಮಲ್ಲಿ ಇರೋದೇ ಒಂದು ಕಣೇ. ಬಾಯಿ ಬಿಟ್ಟು ಹೇಳ್ತೀಯೋ ಇಲ್ವೋ ಅಂತ ಕೇಳ್ದೆ. ನಿಂದೆಲ್ಲ ನಂಗೆ ಅರ್ಥ ಆಗಲ್ಲ. ಆ ಶಾಸಕರಿಗೆ ಓಟು ಒತ್ತಿದೋಳೂ ನಾನೇ. ಆದ್ರೆ ಕಟ್ಕೊಂಡು ಕೂತ್ಕೋ ಅಂತ ನನ್ನ ನಾಯಿಗೂ ಹೇಳಿದವಳಲ್ಲ. ಹೋಗು, ಚಿಲಕ ಸ್ವಲ್ಪ ಎತ್ತಿ ಹಾಕು.”

ಏಪ್ರಿಲ್‌ನಲ್ಲಿ ಮೊದಲ ಪೆಟ್ಟು ಬಿತ್ತು. ಎರಡು ದಿನದ ಕಾರ್ಯಕ್ರಮಕ್ಕೆ ಬರಬೇಕಿದ್ದ ಗಾಯಕರೊಬ್ಬರು ಈ ಕಾನೂನಿರುವ ನಾಡಿನಲ್ಲಿ ಹಾಡುವುದಿಲ್ಲ ಎಂದುಬಿಟ್ಟರು. ಮೇ ತಿಂಗಳಲ್ಲಿ ದಂತವೈದ್ಯರ ಸಮ್ಮೇಳನ ರದ್ದಾಯಿತು. ಆದರೆ ಊರು ನಿಜವಾಗಿ ಅಲ್ಲಾಡಿದ್ದು ಜೂನ್ ತಿಂಗಳ ಶಾಲಾ ವೃಂದಗಾನ ಸ್ಪರ್ಧೆ ಇದೇ ಕಾರಣಕ್ಕೆ ಪಕ್ಕದ ರಾಜ್ಯ ವರ್ಜೀನಿಯಾಕ್ಕೆ ಹೋದಾಗ. ಇಪ್ಪತ್ತೆರಡು ವರ್ಷ ತಪ್ಪದೆ ನಡೆದ ಸ್ಪರ್ಧೆ ಅದು. ನಲವತ್ತು ತಂಡ, ಅವರ ಹಿಂದೆ ಅಪ್ಪ ಅಮ್ಮ ಅಜ್ಜಿ, ಮೂರು ದಿನ ಊರಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈ ಸಲ ವಸತಿಗೃಹಗಳ ಮುಂದೆ ಕಾರುಗಳೇ ಇಲ್ಲ. ಹಾಸಿಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಮನೆಗೆ ಕಳಿಸಿದರು. ಹ್ಯಾಟಿ ತಮ್ಮ ಹೋಟೆಲಿನ ಇಬ್ಬರು ಕೆಲಸದ ಹುಡುಗಿಯರಲ್ಲಿ ಟ್ವೈಲಾ ಎಂಬುವಳನ್ನು ಬಿಡಿಸಿದರು. ರಂಗಮಂದಿರದವರಿಗೆ ವಾರಕ್ಕೆ ಎರಡೇ ದಿನ ಕೆಲಸ.

ಪರದೆಯ ಹಗ್ಗ ಎಳೆಯುವ ಕ್ಲೈಡ್ ಸ್ಪೈವಿಗೆ ಮೂರು ಮಕ್ಕಳು. ಒಂದು ಮಧ್ಯಾಹ್ನ ಹ್ಯಾಟಿಯ ಹೋಟೆಲಿನಲ್ಲಿ, ತುಂಬಿದ ಜನರ ಮುಂದೆ, ಅವನು ನೋರೀನ್‌ಳ ದಾರಿಗೆ ಅಡ್ಡ ನಿಂತ.

“ಲೋ, ನಿನ್ನೊಬ್ಬನ ಉಚ್ಚೆಗೋಸ್ಕರ ಊರಿನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ!”

“ಕಾನೂನು ಬರೆದೋಳು ನಾನಲ್ಲ ಕ್ಲೈಡ್. ನಿನ್ನಷ್ಟೇ ಕೆಲಸ ನಂಗೂ ಹೋಗಿದೆ.”

“ಬಾಯಿ ಮುಚ್ಕೊಂಡು ಗಂಡಸರ ಕಡೆ ಹೋಗಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನಾನು ಎಲ್ಲಿಗೆ ಹೋದ್ರೂ ಆ ಗಾಯಕರು ಬರ್ತಿರ್ಲಿಲ್ಲ. ರಾಲೀಗೆ ಫೋನ್ ಮಾಡಿ ಬೈಯೋ, ನಂಬರ್ ಕೊಡ್ತೀನಿ.”

ಯಾರೋ ನಕ್ಕರು. ಹ್ಯಾಟಿ ನಗಲಿಲ್ಲ. ಜನ ಚದುರಿದ ಮೇಲೆ, ತಟ್ಟೆ ಜೋಡಿಸುತ್ತ, ಮುಖ ಎತ್ತದೆ ಹೇಳಿದರು: “ಊಟದ ಹೊತ್ತಲ್ಲಿ ಬರ್ಬೇಡ ಇನ್ಮೇಲೆ. ಗಿರಾಕಿಗಳು ಗೊಣಗ್ತಾರೆ.”

ಕ್ಲೈಡ್‌ನ ಬೈಗುಳ ಮೈಮೇಲಿಂದ ಜಾರಿಹೋಗಿತ್ತು. ಈ ಮಾತು ಒಳಗೆ ನಾಟಿತು. “ಆಗ್ಲಿ,” ಎಂದು ಹೊರಬಂದವಳು ರಂಗಮಂದಿರದ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಳು. ತಂಗಿ ಇರುವ ಓಹಾಯೊ ರಾಜ್ಯಕ್ಕೆ ಹೋಗಿಬಿಡಬಹುದಿತ್ತು. ತಂಗಿ ಕರೆಯುತ್ತಲೂ ಇದ್ದಳು. ಆದರೆ ಆ ಒಂದೊಂದು ದೀಪವನ್ನೂ ತೂಗುಹಾಕಿದವಳು ತಾನು, ತಾನ್ಯಾಕೆ ಹೋಗಬೇಕು? ಮೂರು ಗಂಟೆಗೆ, ಊಟದ ಹೊತ್ತು ಮುಗಿದ ಮೇಲೆ, ಅವಮಾನ ನುಂಗಿಕೊಂಡು ಮತ್ತೆ ರಸ್ತೆ ದಾಟಿದಳು. ಮರುದಿನವೂ ದಾಟಿದಳು.

ಆಗಸ್ಟ್‌ನಲ್ಲಿ ನಗರಸಭೆ, ಊರಿನ ಇನ್ನೊಂದು ತುದಿಯಲ್ಲಿದ್ದ ತನ್ನ ಕಚೇರಿಯಲ್ಲಿ, ಸಾರ್ವಜನಿಕ ಸಭೆ ಕರೆಯಿತು. ಕಾನೂನು ಹಿಂತೆಗೆದುಕೊಳ್ಳಿ ಎಂದು ರಾಲೀಗೆ ಬರೆಯಬೇಕೋ ಬೇಡವೋ ಎಂಬುದೇ ವಿಷಯ. ಮಾತಾಡುವವರಿಗೆ ತಲಾ ಮೂರು ನಿಮಿಷ. ನೋರೀನ್‌ಳದು ಮೂವತ್ತೇಳನೇ ಸರದಿ. ಎರಡು ಗಂಟೆಗೆ ಶುರುವಾದ ಸಭೆ ನಾಲ್ಕಾದರೂ ಇಪ್ಪತ್ತೊಂಬತ್ತರಲ್ಲೇ ಇತ್ತು. ಡಾಕ್ಟರ ಮಾತಿನಂತೆ ನೀರು ಕುಡಿದಿದ್ದಳು, ಇನ್ನು ತಡೆಯಲಾಗಲಿಲ್ಲ. ಹೊರಗೆ ಅಂಗಡಿ ಹುಡುಕಿಕೊಂಡು ಹೋದರೆ ಸರದಿ ತಪ್ಪುತ್ತದೆ. ಎದ್ದು ಹೆಂಗಸರ ಟಾಯ್ಲೆಟ್ಟಿನತ್ತ ನಡೆದಳು.

ಅಲ್ಲಿ ಸಾಲಿನಲ್ಲಿದ್ದ ನೀಲಿ ಕೋಟಿನ ಹೆಂಗಸು ಅವಳನ್ನು ಗುರುತಿಸಿ ಬಾಗಿಲಿಗೇ ಬೆನ್ನು ಕೊಟ್ಟು ನಿಂತಳು. “ನೀನು ಇಲ್ಲಿಗೆ ಬರೋ ಹಾಗಿಲ್ಲ. ಪೊಲೀಸರನ್ನ ಕರೀತೀನಿ.”

ನೋರೀನ್ ಬಾಗಿಲ ಕಡೆ ಇನ್ನೊಂದು ಹೆಜ್ಜೆ ಇಟ್ಟಳು. “ಕರೀರಿ ಅಮ್ಮಾ. ಅವರು ಬರೋ ಹೊತ್ತಿಗೆ ಕೈ ತೊಳ್ಕೊಂಡು ಆಚೆ ಬಂದಿರ್ತೀನಿ. ಎಲ್ಲೂ ಓಡಿಹೋಗಲ್ಲ.”

ಆ ಹೆಂಗಸು ಕದಲಲಿಲ್ಲ. ಆಗ ಹಿಂದಿನಿಂದ ಪರಿಚಯದ ದನಿ ಕೇಳಿಸಿತು. ಹೋಟೆಲಿನವರ ಪರ ಮಾತಾಡಲು ಹ್ಯಾಟಿಯೂ ಬಂದಿದ್ದರು.

“ಸ್ವಲ್ಪ ಜರುಗಮ್ಮಾ ತಾಯಿ. ನಿಮ್ಮ ಜಗಳ ಮುಗಿಯೋವರೆಗೂ ಕಾಯೋ ವಯಸ್ಸಲ್ಲ ನಂದು. ನಡಿಯೇ ನೋರೀನ್.”

ತೋಳು ಹಿಡಿದು ಒಳಗೆ ಕರೆದುಕೊಂಡೇ ಹೋದರು. ಪಕ್ಕಪಕ್ಕದ ಬಾಗಿಲು ಮುಚ್ಚಿಕೊಂಡ ಮೇಲೆ ಹಲಗೆಯಾಚೆಯಿಂದ ಹ್ಯಾಟಿ ಅಂದರು: “ಊಟದ ಹೊತ್ತಲ್ಲಿ ಬರ್ಬೇಡ ಅಂದಿದ್ನಲ್ಲ. ತಪ್ಪಾಯ್ತು ಕಣೇ.”

“ಅದನ್ನ ಇಲ್ಲಿಂದ ಹೇಳ್ತಿದೀರಾ ಮಿಸ್ ಹ್ಯಾಟಿ?”

“ಮುಖ ನೋಡಿ ಹೇಳೋಕೆ ನಾಚಿಕೆ ಆಗತ್ತೆ.”

ಪೊಲೀಸರು ಬರಲಿಲ್ಲ. ನಾಲ್ಕೂವರೆಗೆ ನೋರೀನ್ ಮೈಕಿನ ಮುಂದೆ ನಿಂತಳು. ಬರೆದು ತಂದಿದ್ದ ಚೀಟಿ ಕೈಯಲ್ಲೇ ಉಳಿಯಿತು.

“ನಿಮ್ಮ ಮಕ್ಕಳ ನಾಟಕಕ್ಕೆ ಬೆಳಕು ಹಾಕಿದೋಳು ನಾನು. ಕಾರ್ಯಕ್ರಮಗಳು ಹೋದವು ಅಂತ ಇಲ್ಲಿ ಎಲ್ರೂ ಹೇಳಿದ್ರಿ, ನಿಜ. ಆದ್ರೆ ಅವೆಲ್ಲ ನಾಳೆನೇ ವಾಪಸ್ ಬಂದ್ರೂ ಈ ಕಾನೂನು ತಪ್ಪೇ. ಇದಕ್ಕೆ ಹೆದರಿ ನೀರು ಬಿಟ್ಟು ಆಸ್ಪತ್ರೆ ಸೇರಿದೋಳು ನಾನು. ಇನ್ನು ಹೆದರಲ್ಲ. ಊರು ಬಿಡಲ್ಲ, ಕೆಲಸ ಬಿಡಲ್ಲ. ಸೋಮವಾರದಿಂದ ಹೆಂಗಸರ ಕಡೆಗೇ ಹೋಗ್ತೀನಿ. ಕೆಲಸದಿಂದ ತೆಗೀಬೇಕು ಅಂದ್ರೆ ಈಗ್ಲೇ, ಎಲ್ರ ಮುಂದೇನೇ ಹೇಳಿಬಿಡಿ.”

ಅಧ್ಯಕ್ಷರು ಮೂವತ್ತೆಂಟನೆಯವರನ್ನು ಕರೆದರು. ರಾಲೀಗೆ ಬರೆಯಬೇಕೆಂಬ ನಿರ್ಣಯ ಒಂದೇ ಮತದ ಅಂತರದಲ್ಲಿ ಗೆದ್ದಿತು. ಸೋಮವಾರ ನೋರೀನ್ ಹೇಳಿದ ಹಾಗೇ ಮಾಡಿದಳು. ಎದುರಾದ ಡ್ವೈಟ್ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ.

ಮರುವರ್ಷದ ವಸಂತದಲ್ಲಿ ರಾಲೀ ಆ ಕಾನೂನನ್ನು ಅರ್ಧ ಮನಸ್ಸಿನಿಂದ ಹಿಂತೆಗೆದುಕೊಂಡಿತು. ಟಾಯ್ಲೆಟ್ಟಿನ ಮಾತು ಹೋಯಿತು, ಆದರೆ ನೋರೀನ್‌ಳಂಥವರಿಗಾಗಿ ಊರುಗಳು ತಾವೇ ರಕ್ಷಣೆಯ ನಿಯಮ ಮಾಡದಂತೆ ಕೈಕಟ್ಟಿತು. ವೃಂದಗಾನ ಸ್ಪರ್ಧೆ ವಾಪಸ್ಸು ಬಂದಾಗ ನಲವತ್ತರಲ್ಲಿ ಇಪ್ಪತ್ತಾರು ತಂಡಗಳೇ ಇದ್ದವು. ಟ್ವೈಲಾ ಆಸ್ಪತ್ರೆಯೊಂದರ ಅಡುಗೆಮನೆ ಸೇರಿದ್ದಳು, ಮರಳಲಿಲ್ಲ. ಕ್ಲೈಡ್ ಸಂಸಾರ ಕಟ್ಟಿಕೊಂಡು ವರ್ಜೀನಿಯಾಕ್ಕೆ ಹೋಗಿದ್ದ.

ಒಂದು ದಿನ ಅವನ ಫೋನ್ ಬಂತು. ಅಲ್ಲಿನ ಹೊಸ ರಂಗಮಂದಿರದವರು, ಕೆಲಸ ಕೊಡುವ ಮುಂಚೆ ಅವನ ಬಗ್ಗೆ ವಿಚಾರಿಸಲು, ಹಿಂದೆ ಜೊತೆಗೆ ಕೆಲಸ ಮಾಡಿದವರೊಬ್ಬರ ಹೆಸರು ಕೇಳುತ್ತಿದ್ದರಂತೆ. “ನಿನ್ನ ಹೆಸರು ಕೊಡ್ಲಾ?” ಎಂದು ತಡವರಿಸಿದ.

“ಕೊಡು. ಇದ್ದದ್ದನ್ನೇ ಹೇಳ್ತೀನಿ. ಕೈ ಚೊಕ್ಕ, ಬಾಯಿ ಹೊಲಸು.”

ಆ ಕಡೆಯಿಂದ ನಗು ಬಂತು, ಆಮೇಲೆ ಒಂದು ಸಣ್ಣ “ಥ್ಯಾಂಕ್ಸ್”. ನೋರೀನ್ ಫೋನ್ ಇಟ್ಟು ಏಣಿ ಹತ್ತಿದಳು. ನಾಲ್ಕು ಗಂಟೆಗೆ ಶಾಲೆಯ ವಾದ್ಯವೃಂದದವರ ತಾಲೀಮಿತ್ತು.