ಎರಡೇ ತಂತಿಯ ಎ ಸೆವೆನ್

ಬೇಲೂರು ಬಸ್ ಸ್ಟ್ಯಾಂಡಿನ ಎದುರು ಮಧುಕುಮಾರ್ ಸರ್ ಕಟ್ಟಿಸಿದ್ದ ಫ್ಲೆಕ್ಸಿನಲ್ಲಿ ನನ್ನ ಮುಖ ಇರಲಿಲ್ಲ. ನನ್ನ ಕೈ ಇತ್ತು. ಎಡಗೈ. ಹತ್ತಡಿ ಅಗಲಕ್ಕೆ ಹಿಗ್ಗಿಸಿದ್ದರು. ಉಂಗುರದ ಬೆರಳು, ಕಿರುಬೆರಳು ಎರಡೂ ಅರ್ಧಕ್ಕೇ ನಿಂತಿರುವುದು ರಸ್ತೆಯ ಆಚೆ ಎಳನೀರು ಕುಡಿಯುತ್ತಿದ್ದವರಿಗೂ ಕಾಣುತ್ತಿತ್ತು. ಮೇಲೆ ಕೆಂಪಕ್ಷರದಲ್ಲಿ ‘ಬೆರಳಿಲ್ಲದಿದ್ದರೇನು, ಛಲವಿದೆಯಲ್ಲ!’ ಎಂದು ಬರೆಸಿದ್ದರು. ಕೆಳಗೆ, ಅರಸೀಕೆರೆಯ ತಮ್ಮ ಗಿಟಾರ್ ಕ್ಲಾಸು ಈಗ ಬೇಲೂರಿನಲ್ಲೂ ಶುರುವಾಗುತ್ತಿದೆ, ಪ್ರವೇಶ ಆರಂಭ, ಅಂತ ಫೋನ್ ನಂಬರು. ಗಾನವಿ ಅನ್ನುವ ನನ್ನ ಮೂರಕ್ಷರದ ಹೆಸರಿಗೆ ಅಷ್ಟು ದೊಡ್ಡ ಫ್ಲೆಕ್ಸಿನಲ್ಲಿ ಜಾಗ ಸಿಕ್ಕಿರಲಿಲ್ಲ.

ಆ ಫೋಟೊ ಅವರ ಕೈಗೆ ಸಿಕ್ಕಿದ್ದು ಹೇಗೆ ಅಂತ ನೆನಪಾಗಿ ಮೈಯೆಲ್ಲ ಉರಿಯಿತು. ಹಿಂದಿನ ಭಾನುವಾರ ಕ್ಲಾಸಿನಲ್ಲಿ, “ಹೆಬ್ಬೆರಳು ಎಲ್ಲಿ ಕೂರ್ತಿದೆ ನೋಡ್ಬೇಕಮ್ಮ, ಸ್ವಲ್ಪ ಕೈ ಹಿಡಿ” ಎಂದು ಮೊಬೈಲಿನಲ್ಲಿ ತೆಗೆದುಕೊಂಡಿದ್ದರು. ಪಾಠಕ್ಕೇ ಇರಬೇಕು ಅಂದುಕೊಂಡು ಪೆದ್ದಿಯ ಹಾಗೆ ಬಳೆಯನ್ನೂ ಸರಿಸಿ ಹಿಡಿದಿದ್ದೆ.

ನನ್ನ ಬೆರಳಿನ ಕಥೆಯನ್ನು ಈಗಲೇ ಹೇಳಿ ಮುಗಿಸಿಬಿಡುತ್ತೇನೆ. ಹೇಗೂ ಎಲ್ಲರಿಗೂ ಅದೇ ಬೇಕು. ನಮ್ಮೂರು ಹಗರೆ. ಪಿಯುಸಿ ಮುಗಿದ ಬೇಸಿಗೆಯಲ್ಲಿ ಮನೆಯಲ್ಲಿ ಕೊಬ್ಬರಿ ಬಿಡಿಸುತ್ತಿದ್ದೆವು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮಚ್ಚಿನಿಂದ ಚಿಪ್ಪು ಒಡೆದು, ಒಳಗಿನ ಉಂಡೆ ಒಡೆಯದಂತೆ ತೆಗೆಯಬೇಕು. ಮಚ್ಚು ಜಾರಿತು. ಗಾಯ ಕೀವಾಯಿತು. ಡಾಕ್ಟರು ಎರಡು ಬೆರಳನ್ನು ಅರ್ಧಕ್ಕೆ ತೆಗೆದರು. ಇಷ್ಟೇ. ಇದರಲ್ಲಿ ಛಲ ಎಲ್ಲಿಂದ ಬಂತು? ಈಗ ಬೇಲೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಉಳಿದ ಎಂಟು ಬೆರಳಲ್ಲಿ ದಿನಾ ಊರವರ ಅರ್ಜಿ ಟೈಪ್ ಮಾಡುತ್ತೇನೆ. ಅದಕ್ಕೆ ಯಾರೂ ಇವತ್ತಿನವರೆಗೆ ಕಣ್ಣೀರು ಹಾಕಿಲ್ಲ. ತಡವಾದರೆ ಬೈಯುತ್ತಾರೆ. ಅದು ಮರ್ಯಾದೆ.

ಎರಡು ವರ್ಷದ ಹಿಂದೆ ಗಿಟಾರ್ ಹಿಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿ, ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆಗೆ ಹೋಗುತ್ತಿದ್ದೆ. ಸ್ಟೇಷನ್ ಹತ್ತಿರ ಒಂದು ಪಾತ್ರೆ ಅಂಗಡಿಯ ಮಹಡಿ ಮೇಲೆ ಕ್ಲಾಸು. ರೈಲು ಬಂದಾಗಲೆಲ್ಲ ಪಾಠ ನಿಲ್ಲುತ್ತಿತ್ತು.

ಮಧುಕುಮಾರ್ ಸರ್ ಪ್ರಕಾರ ಗಿಟಾರಿಗೆ ಆರು ತಂತಿ ಇರುವುದು ಆರನ್ನೂ ಒತ್ತುವುದಕ್ಕೇ. ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ. ಅವರು ಎಫ್ ಕಾರ್ಡ್ ಹಿಡಿದರೆ ನಾಲ್ಕು ಬೆರಳೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿದ್ದವು. ನನಗೆ ಮೂರನೆಯ ಬೆರಳಿನ ಹೊತ್ತಿಗೇ ಕೈ ಖಾಲಿಯಾಗುತ್ತಿತ್ತು. ಮೂರು ವಾರ ನೋಡಿ, “ನೀನು ಕೀಬೋರ್ಡ್ ಕಲಿ” ಅಂದರು. ಕೀಬೋರ್ಡಿಗೆ ಬೆರಳು ಬೇಡವೇ? ಗಿಟಾರನ್ನೇ ತಿರುಗಿಸಿ ಹಿಡಿ, ಬಲಗೈಯಲ್ಲಿ ಒತ್ತು ಎಂದವರೂ ಇದ್ದರು. ಯಾಕೆ ತಿರುಗಿಸಬೇಕು? ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಕಲ್ಲಿನಂತಿದ್ದವು. ಇರುವುದನ್ನು ಲೆಕ್ಕಕ್ಕೇ ಹಿಡಿಯದೆ ಇಲ್ಲದ್ದನ್ನೇ ಎಣಿಸುವವರಿಗೆ ನಾನೇನು ಹೇಳಲಿ?

ಕ್ಲಾಸಿನಲ್ಲಿ ಬೇಸ್ ಗಿಟಾರ್, ಅಂದರೆ ದಪ್ಪ ತಂತಿಯ, ತಗ್ಗು ದನಿಯ ಗಿಟಾರ್ ಕಲಿಯಲು ಲಕ್ಷ್ಮೀಶ ಅಂತ ಒಬ್ಬರು ಬರುತ್ತಿದ್ದರು. ಐವತ್ತು ದಾಟಿದವರು, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ. ಬ್ಲೂಸ್ ಅನ್ನುವುದನ್ನು ಮೊದಲು ನನ್ನ ಕಿವಿಗೆ ಹಾಕಿದವರು ಅವರೇ. “ಅಮೆರಿಕದ ಕರಿಯ ಜನ ಹತ್ತಿ ಹೊಲದಲ್ಲಿ, ರೈಲು ಹಳಿ ಹಾಕ್ತಾ ಹೊಟ್ಟೆ ಉರಿದು ಹಾಡಿದ್ದು ಕಣಮ್ಮ. ಅಳು ಅಂತಾರೆ. ನಂಗೇನೋ ಸಿಟ್ಟು ಅನ್ಸುತ್ತೆ” ಎಂದಿದ್ದರು. ಕೇಳಿದೆ. ಇದು ನನ್ನದು ಅನ್ನಿಸಿತು. ಹನ್ನೆರಡು ಎಣಿಕೆಯ ಒಂದು ಸುತ್ತು, ಮೂರೇ ಕಾರ್ಡು: ಎ ಸೆವೆನ್, ಡಿ ಸೆವೆನ್, ಇ ಸೆವೆನ್. ಅಷ್ಟರಲ್ಲೇ ಮತ್ತೆ ಮತ್ತೆ ತಿರುಗುವ ಸಂಗೀತ.

ಆಮೇಲೆ ನಾನೊಂದು ಕೆಲಸ ಮಾಡಿದೆ. ಪೂರ್ತಿ ಎ ಸೆವೆನ್ನಿನ ಸ್ವರಗಳನ್ನು ಕಾಗದದ ಮೇಲೆ ಬರೆದುಕೊಂಡು ಒಂದೊಂದೇ ತಂತಿಯನ್ನು ಬಿಟ್ಟು ನುಡಿಸಿದೆ. ಇದು ಬಿಟ್ಟರೆ ಎ ಸೆವೆನ್ ಉಳಿಯುತ್ತದೆಯೇ? ಉಳಿಯಿತು. ಇದು? ಆಗಲೂ ಉಳಿಯಿತು. ಕೊನೆಗೆ ನಡುವಿನ ಎರಡು ತಂತಿ ಉಳಿದವು. ನಾಲ್ಕನೆಯ ತಂತಿಯ ಐದನೇ ಮನೆಗೆ ತೋರುಬೆರಳು, ಮೂರನೆಯ ತಂತಿಯ ಆರನೇ ಮನೆಗೆ ನಡುಬೆರಳು. ಮನೆ ಅಂದರೆ ಗಿಟಾರಿನ ಕತ್ತಿನ ಮೇಲೆ ಎರಡು ಲೋಹದ ಗೆರೆಗಳ ನಡುವಿನ ಜಾಗ. ಇವೆರಡರಲ್ಲಿ ಒಂದನ್ನು ಎತ್ತಿದರೂ ಕಾರ್ಡಿನ ಜೀವ ಹೋಗುತ್ತಿತ್ತು. ಬೆರಳೆರಡನ್ನೂ ಹಾಗೇ ಒಂದು ಮನೆ ಕೆಳಕ್ಕೆ ಜಾರಿಸಿದೆ. ಡಿ ಸೆವೆನ್! ವಾಪಸ್ ಬಂದು ಒಂದು ಮನೆ ಮೇಲಕ್ಕೆ ಜಾರಿಸಿದೆ. ಇ ಸೆವೆನ್! ಇದ್ದಲ್ಲಿ ಒಂದು, ಕೆಳಗೆ ಒಂದು, ಮೇಲೆ ಒಂದು. ನಾಲ್ಕು ಎಣಿಕೆ ಮುಗಿದರೆ ಕೆಳಗಿನ ಮನೆ, ಎಂಟು ಮುಗಿದರೆ ಮೇಲಿನ ಮನೆ. ಬ್ಲೂಸಿನ ಇಡೀ ಸುತ್ತು ಎರಡು ಬೆರಳಿನ ತುದಿಯಲ್ಲಿ ಕೂತಿತ್ತು. ನಮ್ಮಮ್ಮ ಮಾದಮ್ಮ ಒಲೆ ಮುಂದಿನಿಂದ ಎದ್ದು ಬಂದು, “ಯಾಕವ್ವ ಹಂಗ್ ಕಿರುಚ್ಕಂಡೆ?” ಎಂದು ಕೇಳಿದಳು.

ಸರ್‌ಗೆ ತೋರಿಸಿದೆ. “ಇದು ಅರ್ಧ ಕಾರ್ಡು. ಅಡ್ಡದಾರಿ” ಎಂದು ಮೂಗು ಮುರಿದರು.

ಲಕ್ಷ್ಮೀಶ ಬಿಡಲಿಲ್ಲ. “ಸರ್, ಒಂದೇ ಕಾರ್ಡಿನ ಸ್ವರಾನ ಎಲ್ಲೆಲ್ಲಿ ಹಿಡೀಬೇಕು, ಯಾವ್ದನ್ನ ಬಿಡ್ಬೇಕು ಅನ್ನೋದಕ್ಕೆ ವಾಯ್ಸಿಂಗ್ ಅಂತಾರೆ. ಹತ್ತು ಬೆರಳು ಇರೋರೂ ಬ್ಲೂಸಲ್ಲಿ ಹಿಂಗೇ ಹಿಡೀತಾರೆ. ಕೆಳಗಿನ ಸ್ವರ ನನ್ನ ಬೇಸ್ ಕೊಡುತ್ತೆ. ಅದನ್ನೂ ಅವಳೇ ಯಾಕೆ ಹೊರಬೇಕು?” ಎಂದರು.

ನನಗೆ ಬೇಕಾಗಿದ್ದ ಮಾತು ಇದು. ಇದು ನನ್ನ ಕೈಗೆ ಕೊಟ್ಟ ರಿಯಾಯಿತಿ ಅಲ್ಲ. ಬ್ಲೂಸ್ ಹಿಡಿಯುವ ರೀತಿಯೇ ಇದು. ಅವತ್ತಿನಿಂದ ನನಗಿದ್ದದ್ದು ಒಂದೇ ಆಸೆ. ನಾಲ್ಕು ಜನರ ಜೊತೆ ಕೂತು ರಿದಂ, ಅಂದರೆ ಲಯಕ್ಕೆ ಸರಿಯಾಗಿ ಕಾರ್ಡುಗಳನ್ನು ಬಾರಿಸಬೇಕು, ಕೇಳಿದವರು ಚೆನ್ನಾಗಿದೆ ಅನ್ನಬೇಕು ಇಲ್ಲವೇ ಚೆನ್ನಾಗಿಲ್ಲ ಅನ್ನಬೇಕು. ಬೇಲೂರಿನ ಹೊಸ ಕ್ಲಾಸಿನ ಉದ್ಘಾಟನೆಯ ಕಾರ್ಯಕ್ರಮದಲ್ಲಿ ಬ್ಲೂಸಿಗೆ ರಿದಂ ನೀನೇ ಅಂತ ಸರ್ ಹೇಳಿದಾಗ, ಕೊನೆಗೂ ಇವರಿಗೆ ಕಿವಿ ಬಂತು ಅಂದುಕೊಂಡೆ. ಐದು ತಿಂಗಳು ದಿನಾ ಸಂಜೆ ಮನೆಯ ಜಗಲಿಯ ಮೇಲೆ ಕೂತು ಅದೇ ಸುತ್ತು ಬಾರಿಸಿದೆ. ಪಕ್ಕದ ಕೊಟ್ಟಿಗೆಯಲ್ಲಿ ಅಪ್ಪ ಹಸುಗಳಿಗೆ ಹುಲ್ಲು ಹಾಕುತ್ತಿದ್ದ.

ಕಾರ್ಯಕ್ರಮದ ದಿನ ಬಸ್ಸಿಳಿದರೆ ಈ ಫ್ಲೆಕ್ಸು.

ನೇರ ಕಾರ್ಯಕ್ರಮದ ಕಲ್ಯಾಣ ಮಂಟಪಕ್ಕೆ ಹೋದೆ. ಸರ್ ಮೈಕಿನವನ ಜೊತೆ ಮಾತಾಡುತ್ತಿದ್ದರು.

“ಸರ್, ಅದನ್ನ ಇಳಿಸಿ” ಎಂದೆ.

“ಯಾವ್ದಮ್ಮ? ಓ, ಅದಾ! ಹೆಂಗಿದೆ? ಬೆಳಿಗ್ಗೆಯಿಂದ ಹನ್ನೊಂದು ಜನ ಫೋನ್ ಮಾಡಿದ್ರು ಗೊತ್ತಾ?”

“ನನ್ನ ಕೇಳಿದ್ರಾ?”

“ನಿನಗೋಸ್ಕರ ಅಲ್ವೇನಮ್ಮ ಮಾಡಿದ್ದು? ಮುಖ್ಯ ಅತಿಥಿಗಳು ನಿನಗೆ ಸನ್ಮಾನ ಮಾಡ್ತಾರೆ. ಆಮೇಲೆ ನೀನೊಬ್ಳೇ ಕೂತು ಒಂದು ಚಿಕ್ಕ ಟ್ಯೂನ್ ಬಾರಿಸು. ಜನ ಅತ್ತುಬಿಡ್ತಾರೆ.”

“ಮತ್ತೆ ಬ್ಲೂಸು?”

“ಅದಕ್ಕೆ ರಿದಂ ನಮ್ಮ ಕ್ಲಾಸಿನ ಚೇತನ್‌ಕುಮಾರ್ ಬಾರಿಸ್ತಾನೆ. ನೋಡು, ಬ್ಲೂಸಲ್ಲಿ ಕೂತ್ರೆ ನೀನು ಎಲ್ರ ಜೊತೆ ಸೇರಿಹೋಗ್ತೀಯ. ಕಾಣೋದೇ ಇಲ್ಲ.”

ಸೇರಿಹೋಗಬೇಕು ಅಂತಲೇ ನಾನು ಎರಡು ವರ್ಷ ಬಸ್ಸು ಹತ್ತಿದ್ದು. ಅದನ್ನು ಅವರ ಮುಖದ ಮೇಲೇ ಹೇಳಿದೆ. ಅವರು ಅದಾಗಲೇ ಹೂವಿನ ಹಾರದವನ ಕಡೆ ತಿರುಗಿದ್ದರು. ವಾಪಸ್ ಮನೆಗೆ ಹೋಗಿಬಿಡಬಹುದಿತ್ತು. ಆದರೆ ಹೋದರೆ ಆ ಹತ್ತಡಿಯ ಕೈ ಮಾತ್ರ ಬೇಲೂರಿನಲ್ಲಿ ಉಳಿಯುತ್ತಿತ್ತು. ಹೋಗಲಿಲ್ಲ.

ಸಂಜೆ ನಾಲ್ಕಕ್ಕೆ ಮಂಟಪ ತುಂಬಿತು. ಮೂರನೇ ಸಾಲಿನಲ್ಲಿ ನಮ್ಮಪ್ಪ ಬೋರಯ್ಯ ಹೆಗಲ ಮೇಲೆ ಟವಲ್ ಹಾಕಿಕೊಂಡು ಕೂತಿದ್ದ. ಎರಡು ವರ್ಷದಲ್ಲಿ ನನ್ನ ಗಿಟಾರಿನ ಬಗ್ಗೆ ಅಪ್ಪ ಒಂದು ಮಾತು ಆಡಿದವನಲ್ಲ. ಬಾ ಎಂದು ನಾನು ಕರೆದಿರಲೂ ಇಲ್ಲ.

ಮುಖ್ಯ ಅತಿಥಿ ಊರಿನ ಒಬ್ಬ ಮುಖಂಡರು. ನನಗೆ ಹಾರ ಹಾಕಿದರು, ಶಾಲು ಹೊದಿಸಿದರು. ಅಷ್ಟಕ್ಕೇ ಬಿಡದೆ ನನ್ನ ಎಡಗೈಯ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿ ಸಭೆಗೆ ತೋರಿಸಿದರು. ಸಂತೆಯಲ್ಲಿ ಹೋರಿಯ ಬಾಯಿ ಬಿಡಿಸಿ ಹಲ್ಲು ತೋರಿಸುತ್ತಾರಲ್ಲ, ಹಾಗೆ. ಮೊಬೈಲುಗಳೆಲ್ಲ ಎದ್ದವು. ಯಾರೋ ಹೆಂಗಸು “ಅಯ್ಯೋ ಪಾಪ” ಎಂದದ್ದು ವೇದಿಕೆಯವರೆಗೂ ಕೇಳಿಸಿತು. ನನಗೆ ಬಂದ ಸಿಟ್ಟಿಗೆ ಕಿವಿಯೆಲ್ಲ ಬಿಸಿಯಾಗಿತ್ತು.

ಗಿಟಾರ್ ಕೊಟ್ಟರು. ಕೂತೆ. ಮೊಬೈಲುಗಳೆಲ್ಲ ಎಡಗೈಯನ್ನೇ ನೋಡುತ್ತಿದ್ದವು. ಆಗ ಅಪ್ಪನ ಹೆಗಲ ಮೇಲಿನ ಟವಲ್ ಕಣ್ಣಿಗೆ ಬಿತ್ತು. ಅಪ್ಪ ಹೊಲದ ಕೆಲಸದ ಜೊತೆಗೆ ದನದ ದಲ್ಲಾಳಿ. ಸಂತೆಯಲ್ಲಿ ಕೊಳ್ಳುವವನೂ ದಲ್ಲಾಳಿಯೂ ಟವಲ್ ಅಡಿಯಲ್ಲಿ ಕೈ ಹಿಡಿದುಕೊಂಡು, ಬೆರಳು ಒತ್ತಿಯೇ ಬೆಲೆ ಮಾತಾಡಿಕೊಳ್ಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಟವಲ್ ತೆಗಿ ಅಂತ ಯಾರೂ ಅನ್ನುವುದಿಲ್ಲ. ಬೆರಳಿನ ಮಾತು ಯಾರಿಗೆ ಸೇರಬೇಕೋ ಅವರಿಗೆ ಸೇರುತ್ತದೆ.

ಸನ್ಮಾನದ ಶಾಲನ್ನು ಮೈಯಿಂದ ತೆಗೆದೆ. ತಂತಿಗೆ ತಾಗದ ಹಾಗೆ ಮಣಿಕಟ್ಟಿನ ಮೇಲಿಂದ ಇಳಿಬಿಟ್ಟು ಎಡಗೈಯನ್ನು ಪೂರ್ತಿ ಮುಚ್ಚಿದೆ. ಒಳಗೆ ಬೆರಳುಗಳು ತಮ್ಮ ಮನೆ ತಾವೇ ಹುಡುಕಿಕೊಂಡವು. ಬ್ಲೂಸ್ ಶುರು ಮಾಡಿದೆ.

“ಶಾಲು ತೆಗಿಯಮ್ಮ! ಕೈ ಕಾಣ್ತಿಲ್ಲ!” ಎಂದು ಮುಂದಿನ ಸಾಲಿನಿಂದ ಒಬ್ಬ ಕೂಗಿದ. ಇನ್ನೊಬ್ಬ ದನಿಗೂಡಿಸಿದ. ಪಕ್ಕದಿಂದ ಮಧುಕುಮಾರ್ ಸರ್ ಶಾಲು ಸರಿಸು ಅಂತ ಕೈಸನ್ನೆ ಮಾಡುತ್ತಲೇ ಇದ್ದರು. ನಾನು ಆ ಕಡೆ ತಿರುಗಲಿಲ್ಲ. ನಾಲ್ಕು ಎಣಿಕೆ ಮುಗಿದು ಒಂದು ಮನೆ ಕೆಳಕ್ಕೆ ಇಳಿಯುವಷ್ಟರಲ್ಲಿ ಹಿಂದಿನಿಂದ ಬೇಸ್ ಬಂತು. ಲಕ್ಷ್ಮೀಶ ಯಾರನ್ನೂ ಕೇಳದೆ ಬಂದು ನಿಂತಿದ್ದರು. ಆ ದಪ್ಪ ಸ್ವರ ಕೆಳಗೆ ಸೇರಿದ ಕೂಡಲೇ ನನ್ನ ಎರಡು ತಂತಿ ಮಂಟಪ ತುಂಬಿದವು. ಒಂದು ಸುತ್ತು, ಎರಡು ಸುತ್ತು. ಮೂರನೆಯದರಲ್ಲಿ ಮತ್ತೆ ಯಾರೋ ಶಾಲು ಶಾಲು ಎಂದು ಕೂಗಿ, ಸಿಟ್ಟಿನಲ್ಲಿ ನನ್ನ ಲೆಕ್ಕ ತಪ್ಪಿತು. ಬೇಸ್ ಮೇಲಕ್ಕೆ ಹೋಗಿತ್ತು, ನಾನಿನ್ನೂ ಇದ್ದಲ್ಲೇ ಇದ್ದೆ. ಓಡಿ ಹೋಗಿ ಸೇರಿಕೊಂಡು ಹೇಗೋ ಮುಗಿಸಿದೆ.

ಜೋರು ಚಪ್ಪಾಳೆ. ಮುಖಂಡರು ಮೈಕ್ ತೆಗೆದುಕೊಂಡರು. ನಾನು ಬಾರಿಸುವಾಗ ಪೂರ್ತಿ ಅವರು ಫೋನಿನಲ್ಲಿ ಮಾತಾಡುತ್ತಿದ್ದದ್ದನ್ನು ಕಣ್ಣಾರೆ ನೋಡಿದ್ದೆ. “ಎರಡೇ ಬೆರಳಲ್ಲಿ ಎಂಥ ಸಾಧನೆ! ಒಂದು ತಪ್ಪಿಲ್ಲ! ಕೈಕಾಲು ನೆಟ್ಟಗಿರೋ ನಮ್ಮ ಮಕ್ಕಳು ಇವಳನ್ನ ನೋಡಿ ನಾಚ್ಕೋಬೇಕು” ಎಂದರು. ಆ ಮಾತಿಗೆ ನನ್ನ ಬ್ಲೂಸಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ಇವರ ಮುಂದೆ ನಾನು ತಂತಿ ಕಿತ್ತು ಹಾಕಿದ್ದರೂ ಹೀಗೇ ತಟ್ಟುತ್ತಿದ್ದರು.

ಮೂರನೇ ಸಾಲಿನಲ್ಲಿ ಅಪ್ಪ ಎದ್ದು ನಿಂತ.

“ಸ್ವಾಮಿ, ಒಂದ್ ನಿಮ್ಸ. ತಪ್ಪಿಲ್ಲ ಅನ್ಬ್ಯಾಡಿ. ಮೂರ್ನೇ ಸುತ್ನಾಗೆ ಅವ್ಳು ತಪ್ಪಿದ್ಲು.”

ಹಿಂದಿನಿಂದ ಒಬ್ಬ, “ಏ ಕುಂತ್ಕಳಯ್ಯ, ಪಾಪದ್ ಹುಡ್ಗಿಗೆ ಯಾಕಂಗಂತೀಯ?” ಎಂದ.

“ಪಾಪ ಏನ್ಲಾ ಬಂತು?” ಅಪ್ಪ ಅವನ ಕಡೆ ತಿರುಗಿದ. “ಎಂಟು ಆದ್ಮ್ಯಾಕೆ ಮೇಲಿನ್ ಮನೆಗೆ ಹೋಗ್ಬೇಕು. ಇವ್ಳು ಒಂಬತ್ತು ಆಗೋಗಂಟ ಇದ್ದಲ್ಲೇ ಕುಂತಿದ್ಲು. ಆ ದೊಡ್ಡ ಗಿಟಾರ್ ಸ್ವಾಮಿ ಮುಂಚೇನೇ ಹೋಗಿ ಕಾಯ್ತಾ ಇದ್ರು. ಐದು ತಿಂಗ್ಳಿಂದ ದಿನಾ ಕೇಳಿವ್ನಿ, ನಂಗೊತ್ತಿಲ್ವಾ?”

ಇಡೀ ಸಂಜೆಯಲ್ಲಿ ನನ್ನ ಗಿಟಾರಿನ ಬಗ್ಗೆ ಬಂದ ಮಾತು ಅದೊಂದೇ. ಮುಖಂಡರ ಕೈಯಿಂದ ಮೈಕ್ ಇಸಿದುಕೊಂಡೆ.

“ನಮ್ಮಪ್ಪ ಹೇಳಿದ್ದು ಸರಿ. ತಪ್ಪಿದೆ. ಮೊದಲಿಂದ ಬಾರಿಸ್ತೀನಿ” ಎಂದೆ.

ಲಕ್ಷ್ಮೀಶ ಆಗಲೇ ಬೇಸಿನ ಮೇಲೆ ಕೈ ಇಟ್ಟಿದ್ದರು. ಕೂತು ಶುರು ಮಾಡಿದೆ. ಅಪ್ಪ ಕೂರಲಿಲ್ಲ. ಅವನ ತುಟಿ ಎಣಿಸುತ್ತಿರುವುದು ವೇದಿಕೆಯಿಂದಲೇ ಕಾಣುತ್ತಿತ್ತು. ಮೂರನೇ ಸುತ್ತಿನಲ್ಲಿ ಎಂಟು ಮುಗಿಯಿತು. ನಾನು ಮೇಲಿನ ಮನೆಗೆ ಹೋದೆ. ಆಮೇಲೆ ಅಪ್ಪ ಕೂತ.